ಗುರುಸಿದ್ದಪ್ಪನ ಗಡ್ಡೆ

ಸ್ಕ್ಯಾನಿಂಗ್ ವರದಿಯ ಮೇಲೆ ಕಣ್ಣಾಡಿಸಿದ ಕೌಂಟರಿನವನು, ಹೊಟ್ಟೆಯಲ್ಲಿ ಗಡ್ಡೆಯಿದೆ, ಸೋಮವಾರ ಬಂದು ಆಪರೇಷನ್ನಿಗೆ ಅಡ್ಮಿಟ್ ಆಗಿ ಎಂದುಬಿಟ್ಟಿದ್ದ. ಆ ಗಳಿಗೆಯಿಂದ ಟೇಲರ್ ಗುರುಸಿದ್ದಪ್ಪನಿಗೆ ಆಸ್ಪತ್ರೆಯಲ್ಲಿದ್ದವರೆಲ್ಲ ತನ್ನನ್ನು ಕೊಯ್ಯಲೆಂದೇ ಕೂಡಿಕೊಂಡವರಂತೆ ಕಾಣತೊಡಗಿದರು. ಹೊರಗೆ ಹೋಗುವ ದಾರಿಯಲ್ಲಿ ‘ಆರೋಗ್ಯ ಗ್ರಂಥಾಲಯ’ ಎಂಬ ಬೋರ್ಡು ನೋಡಿ ಇಣುಕಿದನಾದರೂ ಒಳಗೆ ಕಾಲಿಡಲಿಲ್ಲ.

“ಬರ್ರಿ ಕಾಕಾ. ರಿಪೋರ್ಟ್ ತಿಳೀಲಿಲ್ಲಂದ್ರ ಕನ್ನಡದಾಗ ಓದಿ ಹೇಳತೇನಿ,” ಎಂದಳು ಅಲ್ಲಿ ಕುಳಿತಿದ್ದ ಗ್ರಂಥಪಾಲಕಿ.

“ಅದಕ್ಕೆಷ್ಟು?”

“ಏನೂ ಕೊಡೂದಿಲ್ರೀ.”

“ಪುಕ್ಕಟೆ ಯಾರ್ ಹೇಳ್ತಾರವ್ವಾ? ನನ್ನ ಆಪರೇಷನ್ನಿಗೆ ಒಪ್ಪಸಾಕ ನಿನ್ನ ಇಲ್ಲಿ ಕುಂದ್ರಿಸ್ಯಾರೇನು?”

ಆಕೆ ನಕ್ಕು ಕೈಚಾಚಿದಳು. ಅವನು ಒಳಗೆ ಬಂದು ವರದಿ ಕೊಟ್ಟನಾದರೂ ಅದರ ಒಂದು ತುದಿಯನ್ನು ಬಿಡದೆ ಹಿಡಿದುಕೊಂಡೇ ನಿಂತ. ಆಕೆ ದೇಹದ ಒಳಭಾಗಗಳ ಚಿತ್ರವಿದ್ದ ಪುಸ್ತಕ ತೆರೆದು, ಒಂದೊಂದರ ಮೇಲೂ ಬೆರಳಿಟ್ಟು ಓದತೊಡಗಿದಳು.

“ಇದು ಲಿವರ್, ಛಲೋ ಐತಿ. ಇವು ಕಿಡ್ನಿ, ಅವೂ ಛಲೋ ಅದಾವ.”

ಮುಂದಿನ ಸಾಲಿಗೆ ಬಂದವಳು ಬೆರಳನ್ನು ಅಲ್ಲೇ ನಿಲ್ಲಿಸಿದಳು. ಮತ್ತೊಮ್ಮೆ ಓದಿದಳು. ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

ಗುರುಸಿದ್ದಪ್ಪ ವರದಿಯ ತುದಿಯನ್ನು ಜಗ್ಗಿದ. “ನೋಡು, ನೀನೂ ಮುಚ್ಚಿಡಾಕ್ಹತ್ತಿ. ಕೆಟ್ಟ ಗಡ್ಡಿ ಐತೇನು? ಖರೇ ಹೇಳು.”

“ನಿಮ್ಮ ಹೆಸರೇನ್ರೀ ಕಾಕಾ?”

“ಗುರುಸಿದ್ದಪ್ಪ. ಹೆಸರು ತಗೊಂಡು ಏನ್ ಮಾಡ್ತಿ? ಗಡ್ಡಿದು ಹೇಳು!”

“ಗಡ್ಡಿ ಇರೂದು ಗುರುಸಿದ್ದವ್ವ ಅನ್ನೋರ ಗರ್ಭಚೀಲದಾಗ್ರೀ.”