ಬಾವಿಯ ದೃಶ್ಯಕ್ಕೊಂದು ಹಳೇ ಕಂಬಳಿ

ಈ ಅಮಾವಾಸ್ಯೆಯನ್ನೂ ಶೇವಂತೆವ್ವ ತಪ್ಪಿಸಲಿಲ್ಲ. ಗೊಳಸಂಗಿಯ ಗೌಡರ ದೊಡ್ಡಮನೆ, ಆ ವಾಡೆಯ ಮುಂದೆ ನಿಂತು, ಹಿಡಿ ಮಣ್ಣು ಬಾಚಿ ತಲೆಬಾಗಿಲಿಗೆ ತೂರಿದಳು.

"ನನ್ನ ಮಗಳನ್ನ ನುಂಗಿದಿ ಗೌಡ. ನಿನ್ನ ಮನಿ ಹಾಳಾಗ್ಲಿ."

ಅರ್ಧ ಮಣ್ಣು ಚಿತ್ರೀಕರಣಕ್ಕೆಂದು ವಾಡೆಗೆ ಬಂದಿದ್ದ ಸಿನಿಮಾದವರ ಲೈಟಿನ ಮೇಲೆ ಬಿತ್ತು, ಅರ್ಧ ವಾಡೆಯ ಗೌಡ ಬಸಂತರಾಯನ ಮೇಲೆ. ಮೂವತ್ತೆರಡು ವರ್ಷದಿಂದ ಅವನು ಒಮ್ಮೆಯೂ ಬಾಗಿಲು ಹಾಕಿಕೊಂಡವನಲ್ಲ. ಮಣ್ಣು ಬೀಳುವವರೆಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಆಮೇಲೆ ತಾನೇ ಗುಡಿಸುತ್ತಿದ್ದ. ಮದುವೆಯನ್ನೂ ಆಗಲಿಲ್ಲ. ಏನೂ ಮಾಡದವನು ಹೀಗೇಕೆ ತಲೆ ತಗ್ಗಿಸುತ್ತಾನೆ ಎಂದು ಊರು ಕೇಳುತ್ತಿತ್ತು. ಕೇಳದೆ ಇನ್ನೇನು ಮಾಡೀತು?

ಸಿನಿಮಾ ಹಳೇ ಕಾಲದ ಪ್ರೇಮಕಥೆ. ಕುರಿಗಾರರ ಹುಡುಗಿ, ವಾಡೆಯ ಮಗ. ಮೂಲ ಕಾದಂಬರಿಯಲ್ಲಿ ಇಬ್ಬರೂ ಸೊಲ್ಲಾಪುರಕ್ಕೆ ಓಡಿಹೋಗಿ, ಗಿರಣಿ ಸೇರಿ, ಮಕ್ಕಳುಮರಿ ಮಾಡಿಕೊಂಡು ಸುಖವಾಗಿರುತ್ತಾರೆ. ಆದರೆ ನಿರ್ದೇಶಕ ಸುನೀಲಕುಮಾರ ಚಹಾದಂಗಡಿಯಲ್ಲಿ ಬಸಂತರಾಯನ ಕಥೆ ಕೇಳಿಬಿಟ್ಟಿದ್ದ. ಸುಖ ಯಾರಿಗೆ ಬೇಕು? ಕೊನೆಯನ್ನೇ ಬದಲಿಸಿದ. ಈಗ ವಾಡೆಯ ಮಗ ಹುಡುಗಿಯನ್ನು ಬಾವಿಗೆ ದೂಡುತ್ತಾನೆ.

"ನಿಮ್ಮ ಬಾವಿಯಲ್ಲೇ ತೆಗೀಬೇಕು ಸರ್. ಬೇಜಾರಿಲ್ವಾ?" ಎಂದು ಅಳುಕುತ್ತಲೇ ಕೇಳಿದ.

"ತಗೀರಿ," ಎಂದ ಬಸಂತರಾಯ. "ಆದ್ರ ಶೇವಂತೆವ್ವನ್ನ ಕರಸ್ರಿ. ಕುರಿಗಾರರ ಉಡಿಗಿ ತೊಡಿಗಿ ಆಕಿಗೆ ಗೊತ್ತೈತಿ. ಆಕಿ ಒಮ್ಮೆ ನನ್ನ ಮನಿಯೊಳಗ ಬಂದು, ನನ್ನ ಕೈಯಾಗಿನ ನೀರು ಕುಡದ್ರ ಸಾಕು ನನಗ."

ಉಳಿದ ಬದುಕಿನಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ, ಆ ಮುದುಕಿಯ ಕ್ಷಮೆ.

ಶೇವಂತೆವ್ವ ಸುನೀಲಕುಮಾರನಿಗೆ ಒಂದೇ ಪ್ರಶ್ನೆ ಹಾಕಿದಳು. "ಗೌಡ ದೂಡಿದ್ದು ತೋರಸ್ತೀರೇನು?"

"ತೋರಿಸ್ತೀವಿ ಅಜ್ಜಿ."

"ಹಂಗಾರ ಬರ್ತೇನಿ."

ಮೂವತ್ತೆರಡು ವರ್ಷದ ಹಿಂದಿನ ಮಾತು. ಆಗ ಬಸಂತರಾಯನಿಗೆ ಇಪ್ಪತ್ತೆರಡು. ಶೇವಂತೆವ್ವನ ಮಗಳು ಸುರೇಖಾ ಸೋದರಮಾವನಿಗೆ ನಿಶ್ಚಯವಾದ ಹುಡುಗಿ, ಮನಸ್ಸು ಕೊಟ್ಟದ್ದು ಮಾತ್ರ ಬಸಂತರಾಯನಿಗೆ. ಮದುವೆಯ ಸಿದ್ಧತೆಗೆಂದು ಶೇವಂತೆವ್ವ ಎರಡು ದಿನ ಮೊದಲೇ ತವರೂರು ಮೋರಟಗಿಗೆ ಹೋಗಿದ್ದಳು. ಅದೇ ಸಮಯ ನೋಡಿ, ಬೆಳಗಿನ ಬಸ್ಸಿಗೆ ಹೋಗೋಣ, ಬಾವಿಯ ಹತ್ತಿರ ಬಾ ಎಂದು ಸುರೇಖಾಳನ್ನು ಕರೆದವನು ಬಸಂತರಾಯನೇ. ಗಂಡಸಿನ ಹಾಗೆ ತಲೆ ಮುಚ್ಚಿ ಹೊದ್ದರೆ ಗುರುತು ಸಿಗದೆಂದು ಒಂದು ಕಂಬಳಿ ಹೊಂದಿಸಿದ್ದ. ಅದರ ಹರಿದ ಮೂಲೆಗೆ ನೀಲಿ ದಾರದಿಂದ ಅಡ್ಡಾದಿಡ್ಡಿ ಹೊಲಿಗೆಯನ್ನೂ ಹಾಕಿದ್ದ. ದೊಡ್ಡಮನೆಯ ಹುಡುಗನಿಗೆ ಸೂಜಿ ಹಿಡಿದು ಎಲ್ಲಿ ಗೊತ್ತು? ಹಿಂದಿನ ಸಂಜೆ ಅದನ್ನು ಬಾವಿಯ ಮೆಟ್ಟಿಲ ಸಂದಿನಲ್ಲಿ ತುರುಕಿ ಬಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಬಾವಿಯಿಂದ ಸುರೇಖಾಳ ಹೆಣ ತೆಗೆದರು. ಅಪ್ಪ ರಾತ್ರಿಯೇ ನನ್ನನ್ನು ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕಿದ್ದ ಎಂದು ಬಸಂತರಾಯ ಪೊಲೀಸರ ಮುಂದೆ ಹೇಳಿದ. ಯಾರೂ ನಂಬಲಿಲ್ಲ, ಸಾಕ್ಷಿಯೂ ಸಿಗಲಿಲ್ಲ. ಕಂಬಳಿಯ ಮಾತನ್ನು ಮಾತ್ರ ಅವನು ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ಉರುಳು ತನ್ನ ಕೊರಳಿಗೇ ಬರುತ್ತಿತ್ತು. ಅದೇ ಮಧ್ಯಾಹ್ನ ಕದ್ದು ಹೋಗಿ ನೋಡಿದಾಗ ಮೆಟ್ಟಿಲ ಸಂದು ಬರಿದಾಗಿತ್ತು. ಕಂಬಳಿ ನೀರಿನ ತಳ ಸೇರಿರಬೇಕು ಎಂದುಕೊಂಡ. ಸಂಜೆ ಮೋರಟಗಿಯ ಬಸ್ಸಿಳಿದು ಓಡಿ ಬಂದ ಶೇವಂತೆವ್ವ ವಾಡೆಗೆ ಮೊದಲ ಹಿಡಿ ಮಣ್ಣು ತೂರಿದಳು.

ಚಿತ್ರೀಕರಣದಲ್ಲಿ ಶೇವಂತೆವ್ವ ನಾಯಕಿಗೆ ಕಚ್ಚೆ ಕಟ್ಟಿಸಿದಳು, ಬುಟ್ಟಿ ಹೊರುವುದನ್ನು ಕಲಿಸಿದಳು. ಬಾವಿಯ ದೃಶ್ಯದ ತಾಲೀಮಿನಲ್ಲಿ ಆ ಹುಡುಗಿ ಬೀಳುತ್ತ "ಯವ್ವಾ" ಎಂದು ಚೀರಿದಾಗ ಮುದುಕಿಯ ಮುಖ ಬಿಳಚಿಕೊಂಡಿತು.

"ಆ ಕೂಗು ತಗೀರಿ."

"ಯಾಕಜ್ಜಿ? ಸಾಯೋವಾಗ ಯಾರಾದ್ರೂ ಅಮ್ಮನ್ನೇ ಅಲ್ವಾ ಕರೆಯೋದು?" ಎಂದ ಸುನೀಲಕುಮಾರ.

"ತಗೀರಿ ಅಂದ್ನಿ."

ಬಸಂತರಾಯ ಒಳಗೆ ಓಡಿದ. ಒಂದು ತಂಬಿಗೆ ನೀರು ತಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಪ್ಪು ನಂದು, ಯವ್ವ. ನಾ ಕರೀಬಾರದಿತ್ತು."

ಶೇವಂತೆವ್ವ ಅವನ ನರೆತ ತಲೆಯನ್ನು ನೋಡಿದಳು. "ಹೇಳಿದ ಮಾತು ಕೇಳಿದ್ರ ಇರ್ತಿದ್ದಳು," ಎಂದಳು. "ಮಾವನ ಮನ್ಯಾಗ ನಾಕು ಕುರಿ ಕಾಯ್ಕೊಂಡು ಇರ್ತಿದ್ದಳು."

ಆಮೇಲೆ ತಂಬಿಗೆ ಎತ್ತಿ ಗಟಗಟ ಕುಡಿದಳು. "ಇನ್ನ ಮಣ್ಣು ತೂರೂದಿಲ್ಲ, ಗೌಡ. ಸಾಕಾತು."

ಐವತ್ತನಾಲ್ಕರ ಗಂಡಸು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಮರುದಿನ ಬಾವಿಯ ದೃಶ್ಯ. ಬಟ್ಟೆಯ ಉಸ್ತುವಾರಿ ನೋಡುವ ದರ್ಜಿ ಮಂಜೂರ ತಲೆ ಕೆರೆದುಕೊಳ್ಳುತ್ತಿದ್ದ. ಕೊಲ್ಹಾರದ ಸಂತೆಯಿಂದ ತಂದ ಕಂಬಳಿ ಕ್ಯಾಮೆರಾದಲ್ಲಿ ಹೊಸದೆಂದು ಎದ್ದು ಕಾಣುತ್ತಿತ್ತು. ನಿರ್ದೇಶಕನಿಗೆ ಹಳೆಯದೇ ಬೇಕು. ಶೇವಂತೆವ್ವ ಮನೆಗೆ ಹೋಗಿ ಒಂದನ್ನು ತಂದು ಕೊಟ್ಟಳು.

"ಇಷ್ಟು ಹಳೇದು ಯಾಕ ಇಟ್ಟೀರಿ ಆಯಿ?" ಎಂದ ಮಂಜೂರ.

"ಕಂಬಳಿ ಅಂದ್ರ ದೇವ್ರು. ನಮ್ಮವರು ಅದನ್ನ ಸುಡಾಂಗಿಲ್ಲ, ಹೊರಗ ಒಗ್ಯಾಂಗಿಲ್ಲ. ಯಾರಿಗರ ಕೊಡಬೇಕಷ್ಟ. ತಗೊಂಡು ಹೋಗ್ರಿ, ಹೊಳ್ಳಿ ಕೊಡಬ್ಯಾಡ್ರಿ."

ನಾಯಕಿ ತಲೆ ಮುಚ್ಚಿ ಹೊದ್ದುಕೊಂಡು ಬಾವಿಯತ್ತ ಹೊರಟಳು. ಕಂಬಳಿಯ ತುದಿ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಹತ್ತಿರದಲ್ಲೇ ಇದ್ದ ಬಸಂತರಾಯ ಬಗ್ಗಿ ಬಿಡಿಸಲು ಹೋದ. ಬಿಡಿಸಿದವನು ತುದಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟ.

"ಸರ್, ಫ್ರೇಮಿನಿಂದ ಆಚೆ ಬನ್ನಿ," ಎಂದು ಸುನೀಲಕುಮಾರ ಕೂಗಿದ. ಕ್ಯಾಮೆರಾ ಓಡಿತು. ನಾಯಕಿ ಹೇಳಿಕೊಟ್ಟದ್ದನ್ನು ಮರೆತು ಮತ್ತೆ "ಯವ್ವಾ" ಎಂದು ಚೀರಿದಳು. ಶೇವಂತೆವ್ವ ಎರಡೂ ಕಿವಿ ಮುಚ್ಚಿಕೊಂಡಳು.

ಬಸಂತರಾಯನ ಬೆರಳಿಗೆ ಹತ್ತಿದ್ದ ಎಳೆ ನೀಲಿಯದಾಗಿತ್ತು, ತಾನೇ ಹಾಕಿದ್ದ ಅಡ್ಡಾದಿಡ್ಡಿ ಹೊಲಿಗೆಯದು. ಆ ಬೆಳಗ್ಗೆ ಸುರೇಖಾ ಕೂಗಿ ಕರೆದ ಅವ್ವ ಮೋರಟಗಿಯಲ್ಲಿರಲಿಲ್ಲ, ಬಾವಿಯ ದಂಡೆಯಲ್ಲೇ ಕಂಬಳಿ ಹಿಡಿದು ನಿಂತಿದ್ದಳು.