ಸೊಂಟದೆತ್ತರದ ಬಣ್ಣ

ಸರ್ಕಾರಿ ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಕಾಲೇಜಿನ ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಗೋಡೆ ತೋರಿಸುತ್ತಿದ್ದರು. ಮೇಲೆಲ್ಲ ಬಿಳಿ ಸುಣ್ಣ, ಕೆಳಗೆ ಸೊಂಟದೆತ್ತರಕ್ಕೆ ಕೆಂಪು ಬೆರೆತ ಕಂದು. ಹೆಡ್ ಕ್ಲರ್ಕ್ ವಿರೂಪಾಕ್ಷಪ್ಪನವರು ಅಲ್ಲಿಗೆ ಬಂದದ್ದು ಬೇರೆ ಕೆಲಸಕ್ಕೆ. ಬಂದವರು ಸಿಕ್ಕಿಬಿದ್ದರು.

"ಇದು ಕಾವಿ. ಮಣ್ಣಿನ ಬಣ್ಣ, ಸನ್ಯಾಸಿಯ ಬಣ್ಣ. ಹಿಂದಿನವರು ಗುಡಿಯ ಗೋಡೆಗೂ ಬಳಿಯುತ್ತಿದ್ದರು. ಬಿಳಿಯ ಕೆಳಗೆ ಇದಿದ್ದರೆ ಕಟ್ಟಡ ನೆಲದಿಂದಲೇ ಎದ್ದು ಬಂದ ಹಾಗೆ ಕಾಣುತ್ತೆ," ಎಂದ ಮೇಡಂ ಹೆಡ್ ಕ್ಲರ್ಕ್ ಕಡೆ ತಿರುಗಿದರು. "ಈ ಬಣ್ಣ ಆರಿಸಿದ್ದು ಯಾರು ಸಾರ್?"

ವಿರೂಪಾಕ್ಷಪ್ಪನವರು ತುಟಿ ಬಿಚ್ಚಲಿಲ್ಲ. ತಲೆ ತಗ್ಗಿಸಿದರು.

"ನೀವೇ ಇರಬೇಕು. ಹೇಳಿಕೊಳ್ಳೋಕೆ ಸಂಕೋಚ."

ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಒಬ್ಬಳು ಫೋಟೋ ತೆಗೆದಳು. ಅವರು ಬೇಡವೆಂದು ಕೈಯಾಡಿಸಿದರು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು.

ಮೆಟ್ಟಿಲು ಗುಡಿಸುತ್ತಿದ್ದ ದ್ಯಾವಮ್ಮ ನೆಟ್ಟಗೆ ನಿಂತಳು.

"ಆರಿಸಿದ್ದು ನಾನು ಕಣಮ್ಮ. ಇಪ್ಪತ್ತು ವರ್ಷ ಈ ಮೂಲೆ ಉಜ್ಜಿದೆ, ಕಲೆ ಹೋಗ್ಲಿಲ್ಲ. ಕೊನೆಗೆ ಪೇಂಟ್ ಅಂಗಡಿಯಿಂದ ಬಣ್ಣದ ಕಾರ್ಡ್ ತಂದು ಕಲೆ ಪಕ್ಕ ಹಿಡಿದೆ. ಯಾವುದು ಹೊಂದಿತೋ ಅದನ್ನೇ ಹೊಡೆಸಿದ್ರು."

"ಎಂಥ ಕಲೆ?" ಗೋಡೆಗೆ ಅಂಗೈ ಊರಿಕೊಂಡೇ ಮೇಡಂ ಕೇಳಿದರು.

"ಸಾರು ಯಾಕೆ ಮಾತಾಡ್ತಿಲ್ಲ ಅಂದ್ಕೊಂಡ್ರಿ? ಬಾಯ್ತುಂಬ ಎಲೆಅಡಿಕೆ ಐತೆ. ಉಗಿಯೋಕೆ ಬಂದಿದ್ರು, ನೀವು ಅಡ್ಡ ನಿಂತಿದ್ದೀರಿ."