ಬೇಲಿಯ ಹಾಲು

ಕೊಪ್ಪದ ಹೆರಿಗೆಗೆ ಹೊರಟಿದ್ದ ಸೂಲಗಿತ್ತಿ ಹೊಂಬಾಳಮ್ಮನ ಸೈಕಲ್ಲು ದಾರಿಗೆ ಹಾಸಿದ್ದ ಜಾಲಿಮುಳ್ಳಿನ ಮೇಲೆ ಹರಿದು, ಮುಂದಿನ ಚಕ್ರ ಬುಸ್ಸೆಂದಿತು. ಹೆಂಗಸು ಸೈಕಲ್ಲು ತುಳಿದರೆ ಊರಿಗೇ ಕೇಡೆಂದು ಮುಳ್ಳು ಹಾಕಿಸಿದ್ದ ಪಟೇಲ ಕರಿಸಿದ್ದಯ್ಯ ಜಗಲಿಯಲ್ಲಿ ಕೂತೇ ನಕ್ಕ. "ಇಳಿಯಮ್ಮಿ ಕೆಳಕ್ಕೆ. ನಡ್ಕೊಂಡೋಗು. ನೀನು ಓಗೋ ಒತ್ಗೆ ಮಗೀಗೆ ಹಲ್ಲು ಬಂದಿರ್ತವೆ!"

ಅವಳು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ, ಬಗ್ಗಿ ಮುಳ್ಳನ್ನು ಕಿತ್ತೆಸೆದಳು. ತೂತಿನಿಂದ ಬಿಳಿ ಹಾಲು ನೊರೆನೊರೆಯಾಗಿ ಒಸರಿ ಅಲ್ಲೇ ಅಂಟುಗಟ್ಟಿತು. ಗಾಳಿಯ ಸದ್ದು ನಿಂತುಹೋಯಿತು.

ಪಟೇಲ ಎದ್ದು ನಿಂತ. "ಏನಮ್ಮಿ ಅದು?"

"ಕಳ್ಳಿಹಾಲು. ನೀವು ಮುಳ್ಳು ಕಡಿಸ್ತಿದ್ದಾಗ್ಲೇ ನಿಮ್ ಒಲದ ಬೇಲೀಲಿ ಇಳಿಸ್ಕೊಂಡು ಟ್ಯೂಬಿಗೆ ಉಯ್ದೆ." ಹೊಂಬಾಳಮ್ಮ ಪೆಡಲು ಒತ್ತಿದಳು. "ಸಂಜೀಕೆ ಇನ್ನೊಂದು ಒರೆ ಮುಳ್ಳು ಆಕ್ಸಿ, ಪಟೇಲ್ರೆ. ಇದೇ ದಾರೀಲೇ ಬತ್ತೀನಿ."